ನೀರಿನ ಮುಂದೆ ನಡೆದವನ ಚಿತ್ರ

ಮೊದಲ ದಿನದ ಪಾಠ ಮುಗಿಯುವ ಮುಂಚೆಯೇ ಆ ಮೂವರು ನನ್ನ ಜೊತೆ ವಾದಕ್ಕೆ ನಿಂತರು. ನಾನು ಹೇಳಿದ್ದು ಇಷ್ಟೆ: ಯಾರನ್ನು ಚಿತ್ರೀಕರಿಸಿದರೂ ಅಲ್ಲೇ ಟೇಪು ಹಿಂದಕ್ಕೆ ಸುತ್ತಿ ಅವರಿಗೆ ತೋರಿಸಲು ಹೋಗಬೇಡಿ. ಬ್ಯಾಟರಿ ಖಾಲಿಯಾಗುತ್ತದೆ, ಜನ ಮುತ್ತಿಕೊಳ್ಳುತ್ತಾರೆ, ಕೆಲಸ ಕೆಡುತ್ತದೆ. ಹದಿನೈದು ವರ್ಷ ಮದುವೆ ವಿಡಿಯೋ ಮಾಡಿ ನಾನು ಕಲಿತದ್ದು ಅದು. ದೇವನೂರು ಕಡೆಯಿಂದ ಬರುತ್ತಿದ್ದ ಯುವಕ ಕೈ ಎತ್ತಿದ.

“ತೋರಿಸ್ದೆ ಎಂಗ್ ಸಾ ಬರದು? ನಮ್ಮೂರ್ಗೆ ಬಂದು ಪಟ ತಕ್ಕೊಂಡ್ ಓದೋರು ಒಬ್ರೂ ತಿರ್ಗ ಬಂದು ತೋರ್ಸಿಲ್ಲ. ನಮ್ ಮುಖ ಎಲ್ಲೋಯ್ತು ಅಂತ ನಮ್ಗೇ ಗೊತ್ತಿಲ್ಲ.”

ಉಳಿದಿಬ್ಬರೂ ಹೌದೆಂದು ತಲೆಯಾಡಿಸಿದರು. ಕೊನೆಗೆ ಅವರ ಮಾತೇ ನಿಯಮವಾಯಿತು: ಯಾರನ್ನು ತೆಗೆದರೂ ಅವತ್ತೇ ಅವರಿಗೆ ತೋರಿಸಿ ಬರಬೇಕು. ಎಳಸು ಹುಡುಗ ಹುಡುಗಿಯರು ಮೊದಲ ದಿನವೇ ಮೇಷ್ಟರ ಪಾಠ ತಿದ್ದಿದರೆ ಮೇಷ್ಟರಿಗೆ ಹೇಗಾಗಬೇಡ? ನಾನು ಸಿಟ್ಟಿನಲ್ಲಿ ಅರ್ಧ ಗಂಟೆ ಮೊದಲೇ ಕ್ಲಾಸು ಮುಗಿಸಿ ಕಾಫಿಗೆ ಹೋದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಂಜನಗೂಡಿನಲ್ಲಿ ನನ್ನದೊಂದು ವಿಡಿಯೋ ಸ್ಟುಡಿಯೋ. ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯವರು ಅಂಗೈ ಮೇಲೆ ಕೂರುವಂಥ ಡಿಜಿಟಲ್ ಕ್ಯಾಮೆರಾ ತಂದು ಮುಂದಿಟ್ಟು, ಈ ಮೂವರಿಗೆ ಎರಡು ತಿಂಗಳು ಕಲಿಸಿ, ಅವರದೇ ಒಂದು ಚಿತ್ರ ಮಾಡಿಸಿ ಎಂದು ಕೇಳಿದರು. ನಾನು ಒಪ್ಪಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಆಷಾಢ ಬರುವುದರಲ್ಲಿತ್ತು, ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೋದಲ್ಲಿ ಕೂತು ನೊಣ ಹೊಡೆಯುವುದಕ್ಕಿಂತ ಇದು ವಾಸಿ ಎಂದುಕೊಂಡೆ.

ಮೂವರೂ ಡಿಗ್ರಿ ಮುಗಿಸಿ ಮುಂದೇನು ಎಂದು ನೋಡುತ್ತಿದ್ದವರು. ದೇವನೂರಿನವನು ಎಲ್ಲವನ್ನೂ ಬರೆದಿಡುವ ಜಾತಿ. ಟೇಪುಗಳ ಮೇಲೆ ಚೀಟಿ ಅಂಟಿಸುವುದು, ಯಾವ ದೃಶ್ಯ ಎಷ್ಟು ಹೊತ್ತಿಗೆ ಎಲ್ಲಿ ತೆಗೆದದ್ದು ಎಂದು ನೋಟ್‌ಬುಕ್ಕಿನಲ್ಲಿ ಗುರುತಿಸುವುದು ಅವನ ಪಾಲಿಗೆ ಬಂತು. ಹೆಮ್ಮಿಗೆಯ ಯುವತಿ ರೇಡಿಯೋ ಕೇಳಿಕೊಂಡೇ ಬೆಳೆದವಳು, ಧ್ವನಿಯ ಕೆಲಸ ನನಗೆ ಬೇಕು ಎಂದು ಕೇಳಿ ತೆಗೆದುಕೊಂಡಳು. ಕ್ಯಾಮೆರಾದಲ್ಲೇ ಮೈಕು ಇದೆಯಲ್ಲಮ್ಮ ಎಂದರೆ ಕೇಳಲಿಲ್ಲ. ಮನೆಯಿಂದ ಒಂದು ಕ್ಯಾಸೆಟ್ ರೆಕಾರ್ಡರ್ ತಂದು, ಅದಕ್ಕೊಂದು ಮೈಕು ಸಿಕ್ಕಿಸಿ, ಮೈಕನ್ನು ಬಿದಿರು ಗಳುವಿನ ತುದಿಗೆ ಕಟ್ಟಿ, ಗಾಳಿ ಬಡಿಯದಂತೆ ಹಳೆಯ ಉಲ್ಲನ್ ಟೋಪಿ ತೊಡಿಸಿದಳು. ಮಗುವಿಗೆ ಶೀತವಾಗಿದೆಯಾ ಎಂದು ನಾನು ದಿನಾ ಛೇಡಿಸುತ್ತಿದ್ದೆ.

ಮೂರನೆಯವಳು ಹುಲ್ಲಹಳ್ಳಿಯ ಹತ್ತಿರದ ಊರೊಂದರ ನೀರುಗಂಟಿಯ ಮಗಳು. ನಾಲೆಯ ತೂಬಿನಿಂದ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತದೆ. ಅವಳ ಅಜ್ಜ ಮಾಡಿದ ಕೆಲಸ, ಅಪ್ಪ ಮಾಡುತ್ತಿದ್ದ ಕೆಲಸ. ಊರ ಗದ್ದೆಗಳಿಗೆಲ್ಲ ನೀರು ಕಟ್ಟುವ ಆ ಮನೆಗೆ ಸ್ವಂತಕ್ಕೆ ಅಂಗೈಯಗಲ ಗದ್ದೆಯೂ ಇರಲಿಲ್ಲ.

ಯಾವುದರ ಮೇಲೆ ಚಿತ್ರ ಮಾಡೋಣ ಎಂದು ಕೇಳಿದಾಗ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

“ಅಪ್ಪ ಮೊದಲ್ನೀರು ಬುಡದು ತೆಗೀಬೇಕು ಸಾ. ಮುಂದಿನ ಬೆಳೆಯಿಂದ ನೀರಿನ ಸಂಘದೋರು ಕಬ್ಬಿಣದ ಗೇಟ್ ಆಕಿ ಬೀಗ ಜಡೀತಾರಂತೆ. ಅಪ್ಪಂಗೆ ಇದೇ ಕೊನೆ ಸಲ. ಈಗ ತೆಗೀಲಿಲ್ಲ ಅಂದ್ರೆ ಅವ್ರು ಇಂಗೆ ಮಾಡ್ತಿದ್ರು ಅಂತ ಏಳಕ್ಕೆ ಯಾರೂ ಇರಕಿಲ್ಲ. ನಾನೇ ನೋಡಿಲ್ಲ. ಆಸ್ಟೆಲ್‌ನಲ್ಲಿದ್ದೆ.”

ಮುಂದಿನ ವಾರ ಜಾಗ ನೋಡಲು ಹೋದೆವು. ನೀರುಗಂಟಿ ತೆಳ್ಳಗಿನ ಎತ್ತರದ ಮನುಷ್ಯ, ಭುಜದ ಮೇಲೆ ಸನಿಕೆ. ನಮ್ಮನ್ನು ತೂಬಿನಿಂದ ಕೊನೆಯ ಗದ್ದೆಯವರೆಗೆ ಒಣಗಿದ ಕಾಲುವೆಯೊಳಗೇ ನಡೆಸಿಕೊಂಡು ಹೋಗಿ ಕೆಲಸ ವಿವರಿಸಿದ. ಒಂದು ಮೈಲಿಗೆ ಸ್ವಲ್ಪ ಕಡಿಮೆ ದಾರಿ. ಆ ಸಾಲಿನ ಮೊದಲ ನೀರು ಬಿಡುವ ದಿನ ತೂಬು ಎತ್ತಿ, ಕಾಲುವೆಗೆ ಇಳಿದು, ನೀರಿನ ಮುಂದೆ ಮುಂದೆ ನಡೆಯಬೇಕು. ಅಡ್ಡ ಬಿದ್ದ ಮುಳ್ಳು, ಕಸ, ಕುಸಿದ ಮಣ್ಣು ಎಲ್ಲ ಸನಿಕೆಯಿಂದ ಎತ್ತಿ ಹಾಕುತ್ತಾ ಹೋಗಬೇಕು. ನೀರು ಹಿಮ್ಮಡಿಯ ಹಿಂದೆ ಬರುತ್ತಿರುತ್ತದೆ. ಹಿಂದಿರುಗಿ ನೋಡುವಂತಿಲ್ಲ, ನಿಲ್ಲುವಂತಿಲ್ಲ. ನಿಂತರೆ ಕಸ ಕಟ್ಟಿಕೊಂಡು, ನೀರು ಬದು ಹತ್ತಿ, ಸರದಿಯಿಲ್ಲದ ಮೇಲಿನ ಗದ್ದೆಗೆ ಹರಿಯುತ್ತದೆ; ಕೊನೆಯ ಗದ್ದೆಯವನು ದೊಣ್ಣೆ ಹಿಡಿದು ಬರುತ್ತಾನೆ. ಹಿಂದಿರುಗಿ ಯಾಕೆ ನೋಡಬಾರದು ಎಂದರೆ ಅದಕ್ಕೆ ಕಾರಣ ಇರಲಿಲ್ಲ. “ನಮ್ಮಪ್ಪ ನೋಡ್ತಿರ್ಲಿಲ್ಲ, ನಾನೂ ನೋಡಕಿಲ್ಲ” ಎಂದ.

“ಮೂರು ಕಡೆ ಒಂದೊಂದು ನಿಮಿಷ ನಿಂತುಕೊಳ್ಳಿ. ನಾವು ಕ್ಯಾಮೆರಾ ಸ್ಟ್ಯಾಂಡು ಮುಂದಕ್ಕೆ ಇಟ್ಟುಕೊಳ್ಳುತ್ತೇವೆ” ಎಂದೆ.

“ಆಗಕಿಲ್ಲ ಸಾ.”

“ಒಂದೇ ನಿಮಿಷ.”

“ನಿಮ್ಸ ಅಂದ್ರೆ ನೀರ್ಗೆ ಗೊತ್ತಾದದಾ ಸಾ?”

ನನಗೆ ರೇಗಿತು. ನಾನು ಹೇಳಿದರೆ ಮದುಮಗ ತಾಳಿ ಹಿಡಿದ ಕೈ ಹಾಗೇ ನಿಲ್ಲಿಸುತ್ತಾನೆ, ಪುರೋಹಿತರು ಮಂತ್ರವನ್ನೇ ಎರಡು ಸಲ ಹೇಳುತ್ತಾರೆ. ಈ ಮನುಷ್ಯ ಒಂದು ನಿಮಿಷ ನಿಲ್ಲಲಾರ! ಸ್ಟ್ಯಾಂಡ್ ಇಲ್ಲದೆ, ನಿಲ್ಲದ ಮನುಷ್ಯನ ಮುಖವನ್ನು ಇಕ್ಕಟ್ಟು ಕಾಲುವೆಯಲ್ಲಿ ಹೇಗೆ ತೆಗೆಯುವುದು? ಆಗುವುದಿಲ್ಲ, ಬದುವಿನ ಮೇಲಿನಿಂದ ಅಲ್ಲೊಂದು ಇಲ್ಲೊಂದು ತೆಗೆಯೋಣ ಎಂದು ತೀರ್ಪು ಕೊಟ್ಟೆ.

ಮಗಳು ತೀರ್ಪು ಒಪ್ಪಲಿಲ್ಲ. “ಅಪ್ಪ ನಿಲ್ಲದೆ ಇದ್ರೆ ನಾನು ನಡೀತೀನಿ ಸಾ. ಇಂದಿಂದಕ್ಕೆ” ಎಂದಳು.

ಆರು ದಿನ ಅಭ್ಯಾಸ ಮಾಡಿದಳು. ಕ್ಯಾಮೆರಾ ಎದೆಗೆ ಒತ್ತಿ ಹಿಡಿದು, ಮೊಣಕೈ ಪಕ್ಕೆಗೆ ಅಂಟಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಅಂಗಾಲು ನೆಲದಿಂದ ಹೆಚ್ಚು ಎತ್ತದೆ ಹಿಂದಕ್ಕೆ ನಡೆಯುವುದು. ಲೆನ್ಸನ್ನು ಪೂರ್ತಿ ಅಗಲಕ್ಕೆ ಬಿಟ್ಟು ಫೋಕಸ್ಸನ್ನು ಐದು ಅಡಿಗೆ ಕಟ್ಟಿಹಾಕಿಬಿಡು, ಯಂತ್ರಕ್ಕೇ ಬಿಟ್ಟರೆ ಅದು ಹುಲ್ಲನ್ನು ನೋಡಿಕೊಂಡು ಕೂರುತ್ತದೆ ಎಂದು ನಾನು ಹೇಳಿಕೊಟ್ಟೆ. ತಿರುವುಗಳಲ್ಲಿ ಗುರುತಿಗೆ ಗಿಡಕ್ಕೆ ಬಟ್ಟೆ ಕಟ್ಟಿದಳು. ಎಷ್ಟು ಸಲ ಬಿದ್ದಳೋ ಲೆಕ್ಕವಿಲ್ಲ. ಬಿದ್ದಾಗಲೆಲ್ಲ ಕ್ಯಾಮೆರಾ ಮೇಲಕ್ಕೆತ್ತಿ ಹಿಡಿದು ತಾನು ಕೆಳಗೆ ಬೀಳುತ್ತಿದ್ದಳು.

ನೀರು ಬಿಟ್ಟ ದಿನ ಬೆಳಿಗ್ಗೆ ಎಂಟು ಗಂಟೆಗೆ ಮೋಡ ಮುಚ್ಚಿತ್ತು, ಬೆಳಕು ಒಂದೇ ಸಮ. ಕ್ಯಾಮೆರಾಗೆ ನೀರುಗಂಟಿಯ ಬಿಳಿ ಪಂಚೆ ತೋರಿಸಿ ಅದರ ಬಣ್ಣ ಸರಿಮಾಡಿಕೊಂಡೆವು. ಹೊಸ ಟೇಪು ಹಾಕಿದೆವು. ಆತ ತೂಬಿಗೆ ಕೈ ಮುಗಿದು ಹಲಗೆ ಎತ್ತಿ ಕಾಲುವೆಗೆ ಇಳಿದ. ಮಗಳು ಆಗಲೇ ಐದು ಅಡಿ ಮುಂದೆ ಅವನಿಗೆ ಮುಖ ಮಾಡಿ ನಿಂತಿದ್ದಳು. ಹೆಮ್ಮಿಗೆಯವಳು ಬದುವಿನ ಮೇಲೆ ಗಳು ಹಿಡಿದು ಪಕ್ಕದಲ್ಲೇ ಹೊರಟಳು, ದೇವನೂರಿನವನು ಅವಳ ಹಿಂದೆ ಗಡಿಯಾರ ನೋಡಿ ಬರೆಯುತ್ತ. ನಾನು ಎಲ್ಲರ ಹಿಂದೆ.

ಒಣ ಮಣ್ಣಿನ ಮೇಲೆ ಮೊದಲ ನೀರು ಬರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾವೇರಿ, ಕಪಿಲೆ ಎರಡೂ ಕಂಡವನು, ತಿರುಮಕೂಡಲಿನ ಸಂಗಮದಲ್ಲಿ ಎಷ್ಟೋ ಸಲ ಮುಳುಗೆದ್ದವನು, ಒಂದು ಗೇಣು ಆಳದ ಕಾಲುವೆ ನೀರು ನೋಡಿ ಬಾಯಿ ಬಿಟ್ಟೆ. ನೀರಿನ ತುದಿಗೆ ನೊರೆ, ತರಗೆಲೆ, ಇರುವೆ, ಕಡ್ಡಿ. ಬಿರುಕುಗಳನ್ನು ಹುಡುಕಿ ಹುಡುಕಿ ತುಂಬಿಕೊಂಡು ಬರುತ್ತಿತ್ತು. ಅದರ ಮುಂದೆ ಮೂರು ಹೆಜ್ಜೆಗೆ ಅಪ್ಪ, ಅವನ ಮುಂದೆ ಹಿಂದಿಂದಕ್ಕೆ ಮಗಳು. ಆತ ಒಮ್ಮೆಯೂ ಹಿಂದಿರುಗಲಿಲ್ಲ. ಆದರೂ ನೀರು ತಡೆದರೆ ಹೆಜ್ಜೆ ನಿಧಾನವಾಗುತ್ತಿತ್ತು, ನೀರು ಹಗುರಾಗಿ ಹರಿದರೆ ಹೆಜ್ಜೆ ಚುರುಕಾಗುತ್ತಿತ್ತು. ಐವತ್ತು ನಿಮಿಷಕ್ಕೆ ಕೊನೆಯ ಗದ್ದೆ ಮುಟ್ಟಿತು. ಮಧ್ಯೆ ಆಗಾಗ ಗುಂಡಿ ಒತ್ತಿ ಕ್ಯಾಮೆರಾ ನಿಲ್ಲಿಸಿ, ಒಟ್ಟು ಮೂವತ್ತೈದು ನಿಮಿಷದಷ್ಟು ತೆಗೆದಿದ್ದಳು. ಅವಳ ಮುಖ ಹೊಳೆಯುತ್ತಿತ್ತು.

ಇಲ್ಲಿಂದ ಮುಂದಿನದು ನನ್ನ ಘನಕಾರ್ಯ.

ಕೊನೆಯ ಗದ್ದೆಯ ಬಳಿ ಊರಿನ ರೈತರೆಲ್ಲ ಸೇರಿದ್ದರು. ನೀರುಗಂಟಿ ನೀರು ಮುಟ್ಟಿಸಿ, ಬದು ನೋಡಲು ಹಾಗೇ ಮೇಲಕ್ಕೆ ಹೊರಟುಹೋದ. ಮಗಳೂ ಉಳಿದಿಬ್ಬರೂ ಕಾಲು ತೊಳೆದುಕೊಳ್ಳಲು ಹೋದರು. ನಿಯಮ ಇತ್ತಲ್ಲ, ತೆಗೆದದ್ದು ತೋರಿಸಬೇಕು. ಮೊದಲ ದಿನ ಅದನ್ನು ವಿರೋಧಿಸಿದ್ದವನೇ ಈಗ ದೊಡ್ಡಸ್ತಿಕೆಯಿಂದ ಕ್ಯಾಮೆರಾ ಈಸಿಕೊಂಡು, ಟೇಪು ಪೂರ್ತಿ ಹಿಂದಕ್ಕೆ ಸುತ್ತಿ, ಅಂಗೈಯಗಲದ ಪರದೆಯಲ್ಲಿ ತೂಬು ಎತ್ತುವುದನ್ನು ತೋರಿಸಿದೆ. ಮೂರು ನಿಮಿಷ ಆಗುವಷ್ಟರಲ್ಲಿ ಬ್ಯಾಟರಿ ಸತ್ತಿತು. ಅಷ್ಟರಲ್ಲಿ ಕೊನೆಯ ಗದ್ದೆಯ ಯಜಮಾನರು ಬಾಳೆ ಎಲೆಯಲ್ಲಿ ಅರಿಸಿನ ಕುಂಕುಮ ತಂದು, “ಗಂಗೆ ಪೂಜೆ ಮಾಡ್ತೀವಿ, ಇದ್ನೂ ತೆಗೀರಿ ಸಾ, ಎಲ್ಲಾರ್ದೂ ಬರ್ಲಿ” ಎಂದರು. ಪೂಜೆ, ಜನ, ಸಾಲು. ನನ್ನ ಕಸುಬಿನ ಕೈ ತಾನಾಗಿ ಎದ್ದಿತು. ಬ್ಯಾಟರಿ ಬದಲಿಸಿ, ಕೆಂಪು ಗುಂಡಿ ಒತ್ತಿದೆ. ಪೂಜೆ ತೆಗೆದೆ. ಮನೆಮನೆಯವರನ್ನೂ ಸಾಲಾಗಿ ನಿಲ್ಲಿಸಿ, ಇಲ್ಲಿ ನೋಡಿ, ಸ್ವಲ್ಪ ನಗಿ, ಅಮ್ಮ ನೀವು ಮುಂದೆ ಬನ್ನಿ ಎಂದು ಅರ್ಧ ಗಂಟೆಗೂ ಮೇಲೆ ತೆಗೆದೆ. ಪ್ರಸಾದ ತಿಂದು ಬಸ್ಸು ಹತ್ತಿದೆವು.

ಸಂಕಲನ ಮಾಡುವ ಕಂಪ್ಯೂಟರ್ ಇದ್ದದ್ದು ಟಿ. ನರಸೀಪುರದಲ್ಲಿ, ನನ್ನ ಸ್ನೇಹಿತನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಎರಡು ದಿನ ಬಿಟ್ಟು ನಾಲ್ವರೂ ಹೋದೆವು. ಕ್ಯಾಮೆರಾಕ್ಕೆ ತಂತಿ ಸಿಕ್ಕಿಸಿ ಟೇಪು ಓಡಿಸಿದೆವು. ತೂಬು ಎತ್ತುವುದು ಬಂತು. ಕಾಲುವೆಗೆ ಇಳಿಯುವುದು ಬಂತು. ನಾಲ್ಕೈದು ಹೆಜ್ಜೆ ಬಂತು. ಪರದೆಯ ಚಿತ್ರ ಒಮ್ಮೆ ಚೌಕ ಚೌಕವಾಗಿ ಒಡೆಯಿತು. ಆಮೇಲೆ ಬಾಳೆ ಎಲೆ, ಅರಿಸಿನ, ಕುಂಕುಮ.

ನಾವು ಕಾದೆವು. ಪೂಜೆ ಮುಗಿಯಿತು. ಸಾಲು ಸಾಲಾಗಿ ಜನ ಬಂದು ಕೈ ಮುಗಿದು ನಕ್ಕು ಹೋದರು. ಮಗಳು ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದಿದ್ದಳು. ಆ ಊರಿನ ಎಲ್ಲ ಮನೆಯವರೂ ಅದರಲ್ಲಿದ್ದರು, ನೀರು ತಂದವನೊಬ್ಬನನ್ನು ಬಿಟ್ಟು. ಟೇಪಿನ ಕೊನೆಗೆ ಅವನ ಪಾದ ಎರಡು ಸೆಕೆಂಡು ಕಂಡು ಮುಗಿಯಿತು. ಹಿಂದಕ್ಕೆ ಸುತ್ತಿದ ಟೇಪನ್ನು ಮುಂದಕ್ಕೆ ಸುತ್ತದೆ ನಾನು ಮೇಲೆಯೇ ಬರೆದುಬಿಟ್ಟಿದ್ದೆ.

ದೇವನೂರಿನವನು ಎದ್ದು ನಿಂತ. “ನನ್ ತಪ್ಪು ಸಾ. ಶೂಟಿಂಗ್ ಮುಗುದ್ ತಕ್ಷಣ ಟೇಪ್ ತೆಗ್ದು ಅಳಿಸ್ದಂಗೆ ಅದ್ರ ಕೀಲಿ ಸರಿಸ್ಬೇಕಿತ್ತು. ಟೇಪ್ ನನ್ ಜವಾಬ್ದಾರಿ. ಕಾಲ್ ತೊಳೆಯಕ್ಕೆ ಓಗ್ಬುಟ್ಟೆ” ಎಂದ. ಕಣ್ಣಲ್ಲಿ ನೀರಿತ್ತು.

ನಾನು ಟೇಪು ಹಿಂದಕ್ಕೆ ಸುತ್ತಿದ್ದನ್ನು ಆ ಮೂವರೂ ನೋಡಿರಲಿಲ್ಲ; ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಹೇಳಲಿಲ್ಲ. “ಇರಲಿ, ಏನಾದರೂ ಮಾಡೋಣ” ಎಂದು ದೊಡ್ಡವನ ಹಾಗೆ ಅವನ ಬೆನ್ನು ತಟ್ಟಿದೆ. ನಂಜನಗೂಡಿನವರೆಗೆ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತು ಬಂದೆ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹದಿನೈದು ವರ್ಷದ ಕಸುಬುದಾರ ಎಂಬ ಹೆಸರು ಉಳಿಸಿಕೊಳ್ಳಲು ಇಪ್ಪತ್ತೊಂದು ವರ್ಷದವನ ತಲೆಗೆ ತಪ್ಪು ಕಟ್ಟಿದೆನಲ್ಲ ಎಂದು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುತ್ತಲೇ ಮೂವರನ್ನೂ ಕೂರಿಸಿ ಹೇಳಿದೆ. ಟೇಪು ಸುತ್ತಿದ್ದು ನಾನು, ಗುಂಡಿ ಒತ್ತಿದ್ದು ನಾನು, ನಿನ್ನೆ ಬಾಯಿ ಮುಚ್ಚಿಕೊಂಡು ಕೂತಿದ್ದೂ ನಾನು. ದೇವನೂರಿನವನು ಉಸಿರು ಬಿಟ್ಟು, “ರಾತ್ರಿ ನಿದ್ದೆ ಬರ್ಲಿಲ್ಲ ಸಾ” ಎಂದ ಅಷ್ಟೆ. ಮಗಳು ನನ್ನನ್ನೇ ನೋಡುತ್ತ, “ಅಪ್ಪಂಗೆ ನೀವೇ ಏಳ್ಬೇಕು ಸಾ. ನನ್ ಕೈಲಿ ಆಗಕಿಲ್ಲ” ಎಂದಳು.

ಮೂವರನ್ನೂ ಕರೆದುಕೊಂಡು ಹೋದೆ. ನೀರುಗಂಟಿ ಮನೆಯ ಜಗಲಿಯ ಮೇಲೆ ಸನಿಕೆಗೆ ಹಿಡಿ ಹಾಕುತ್ತಿದ್ದ. ಎಲ್ಲ ಕೇಳಿ, “ಓಗ್ಲಿ ಬುಡಿ ಸಾ, ನಾ ನಡ್ದಿದ್ದಂತೂ ನಡ್ದಿದ್ದೀನಲ್ಲ” ಎಂದ. ಅಷ್ಟಕ್ಕೆ ಬಿಡದೆ ನಾನು ಕಸುಬಿನ ಬುದ್ಧಿ ತೋರಿಸಿದೆ: ಪಕ್ಕದಲ್ಲಿ ಇನ್ನೊಂದು ಒಣ ಕಾಲುವೆ ಇದೆ, ಅರ್ಧ ಗಂಟೆ ಅದಕ್ಕೆ ನೀರು ಬಿಟ್ಟು ಮುಂದೆ ನಡೆದುಬಿಡಿ, ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮದುವೆಯಲ್ಲಿ ನಾವು ಎಷ್ಟು ಸಲ ಅಕ್ಷತೆ ಮತ್ತೆ ಹಾಕಿಸಿಲ್ಲ?

“ಅದ್ಕೆ ಸರ್ದಿ ಬರದು ಇನ್ನ ಎಂಟ್ ದಿನಕ್ಕೆ. ಇವತ್ತು ಬುಟ್ರೆ ಯಾರ್ದೋ ನೀರ್ ಕದ್ದಂಗೆ. ಪಟಕ್ಕೋಸ್ಕರ ಕದಿಯಾಕಾದದಾ ಸಾ?”

“ಹಾಗಾದರೆ ಎಂಟು ದಿನ ಬಿಟ್ಟು…”

“ಅದು ನನ್ ಕಾಲ್ವೆ ಅಲ್ಲ. ಅದ್ಕೆ ಬೇರೆಯವನ್ ಅವ್ನೆ.”

ನನ್ನ ಬತ್ತಳಿಕೆ ಖಾಲಿಯಾಯಿತು. ಚಿತ್ರ ಇಲ್ಲಿಗೆ ಮುಗಿಯಿತು, ಸಂಸ್ಥೆಯವರಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತ ವಾಪಸು ಹೊರಟೆ. ದಾರಿಯಲ್ಲಿ ಹೆಮ್ಮಿಗೆಯವಳು ಮೆಲ್ಲಗೆ, “ಸಾ, ನನ್ ತಾವು ಪೂರ್ತಿ ಅದೆ” ಎಂದಳು. ಏನಮ್ಮ ಎಂದೆ. ಕ್ಯಾಸೆಟ್ಟು ಎಂದಳು. ನಾವು ನಡುನಡುವೆ ನಿಲ್ಲಿಸಿ ಚಿತ್ರ ತೆಗೆದಿದ್ದರೆ ಅವಳು ತೂಬಿನಿಂದ ಕೊನೆಯ ಗದ್ದೆಯವರೆಗೆ ಐವತ್ತು ನಿಮಿಷ ಒಂದೇ ಸಮ ಶಬ್ದ ಹಿಡಿದಿದ್ದಳು. ನಡುವೆ ಕ್ಯಾಸೆಟ್ಟು ಮಗುಚಿ ಹಾಕಲು ಕೆಲವು ಸೆಕೆಂಡು ಬಿಟ್ಟು ಹೋಗಿತ್ತು, ಅಷ್ಟೆ.

ಮುಖವಿಲ್ಲದ ಶಬ್ದ ಇಟ್ಟುಕೊಂಡು ಏನು ಮಾಡುತ್ತೀರಿ ಎಂದೆ. ಮಗಳು ನಡೆಯುವುದನ್ನು ನಿಲ್ಲಿಸಿದಳು.

“ಅಪ್ಪಂಗೆ ಕೇಳ್ಸಣ. ಕೇಳೋವಾಗ ಅವ್ರ್ ಮುಖ ತೆಗೀತೀನಿ.”

ನಾನು ನಕ್ಕುಬಿಟ್ಟೆ. ಒಬ್ಬ ಮನುಷ್ಯ ಜಗಲಿಯ ಮೇಲೆ ಕೂತು ಟೇಪ್ ರೆಕಾರ್ಡರ್ ಕೇಳುವುದನ್ನು ಯಾರು ನೋಡುತ್ತಾರೆ? ಐದು ಸೆಕೆಂಡಿಗೆ ಒಂದು ಕಟ್ ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ ಎಂದು ಉಪನ್ಯಾಸ ಶುರುಮಾಡಿದೆ. ಮಾತು ಅರ್ಧದಲ್ಲಿರುವಾಗ ನನಗೇ ನನ್ನ ಮಾತು ಅಸಹ್ಯವಾಯಿತು. ಇರುವುದನ್ನು ಅಳಿಸಿದವನು ನಾನು. ಇರುವುದರಲ್ಲಿ ಏನು ಮಾಡಬಹುದು ಎಂದು ಯೋಚಿಸುತ್ತಿರುವವರು ಅವರು. “ನೀವು ಹೇಳಿದ ಹಾಗೆ ಮಾಡಿ. ನಾನು ಬಾಯಿ ಹಾಕುವುದಿಲ್ಲ” ಎಂದೆ. ಆ ಎರಡು ತಿಂಗಳಲ್ಲಿ ನಾನು ತೆಗೆದುಕೊಂಡ ಸರಿಯಾದ ನಿರ್ಧಾರ ಅದೊಂದೇ.

ಎರಡು ದಿನದ ನಂತರ ಮಧ್ಯಾಹ್ನ ಮೂರು ಗಂಟೆಗೆ ಜಗಲಿಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ನೀರುಗಂಟಿಯನ್ನು ಕೂರಿಸಿದರು. ಕ್ಯಾಮೆರಾ ಈ ಸಲ ಸ್ಟ್ಯಾಂಡಿನ ಮೇಲೆ, ಅವನ ಕಣ್ಣಿನ ಮಟ್ಟಕ್ಕೆ. ತಲೆಯಿಂದ ಅಂಗಾಲಿನವರೆಗೆ ಪೂರ್ತಿ ಕಾಣುವಂತೆ. ಮುಖ ಮಾತ್ರ ಸಾಕಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಹೆಮ್ಮಿಗೆಯವಳು ರೆಕಾರ್ಡರಿಗೆ ಹೊಸ ಸೆಲ್ ಹಾಕಿ ಜಗಲಿಯ ಕಂಬದ ಮರೆಗೆ ಇಟ್ಟಳು. ಹಳೆಯ ಸೆಲ್ಲಾದರೆ ಓಟ ನಿಧಾನವಾಗಿ ನೀರಿನ ಶಬ್ದವೇ ಬದಲಾಗುತ್ತದಂತೆ. ದೇವನೂರಿನವನು ಅವತ್ತಿನ ನೋಟ್‌ಬುಕ್ ತೆರೆದು ನನ್ನ ಪಕ್ಕ ಬೇವಿನ ಮರದ ಕೆಳಗೆ ಕೂತ. ಅದರಲ್ಲಿ ಎಷ್ಟನೇ ನಿಮಿಷಕ್ಕೆ ನೀರು ಎಲ್ಲಿತ್ತು ಎಂಬುದು ಸಾಲಾಗಿ ಬರೆದಿತ್ತು.

ಮೊದಲ ಒಂದೆರಡು ನಿಮಿಷ ನೀರುಗಂಟಿ ಸಂಕೋಚದಿಂದ ಮಗಳ ಮುಖ, ನಮ್ಮ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಪಾದದ ಬೆರಳುಗಳು ಅಲುಗಾಡತೊಡಗಿದವು. ಕೈ ತಾನಾಗಿ ಪಕ್ಕದಲ್ಲಿ ಸನಿಕೆ ಹುಡುಕಿ, ಸಿಗದೆ, ತೊಡೆಯ ಮೇಲೆ ನಿಂತಿತು.

“ಉಣಸೇಮರದ ತಾವ್ ಬಂತು” ಎಂದ. “ಬೇರು ಅಡ್ಡ ಅದೆ, ಅದ್ಕೆ ಗಳಗಳ ಅಂತದೆ.”

ದೇವನೂರಿನವನು ನೋಟ್‌ಬುಕ್ ನನ್ನ ಮುಂದೆ ಹಿಡಿದು ಬೆರಳಿಟ್ಟ. ಒಂಬತ್ತನೇ ನಿಮಿಷ, ಹುಣಸೆಮರ. ನಾನು ಗಡಿಯಾರ ನೋಡಿದೆ. ಒಂಬತ್ತು.

“ಇಲ್ಲಿ ಏಡಿ ಬಿಲ. ಕುಡೀತಾ ಅದೆ, ಕುಡೀಲಿ… ಆಯ್ತು, ಒಂಟ್ತು. ಈಗ ಚಪ್ಪಡಿ ಕೆಳಗೆ ನುಗ್ತದೆ ನೋಡು, ಸದ್ದು ದಪ್ಪ ಆಯ್ತದೆ.”

ಹೇಳಿ ಮುಗಿಸಿದ ಮೇಲೆ ಸದ್ದು ದಪ್ಪವಾಯಿತು. ಒಂದೊಂದಕ್ಕೂ ದೇವನೂರಿನವನ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ನಮಗೆ ಕೇಳುತ್ತಿದ್ದದ್ದು ಒಂದೇ ಸಮನಾದ ಗುಳುಗುಳು. ಅವನಿಗೆ ಅದರಲ್ಲಿ ದಾರಿಯೇ ಕಾಣುತ್ತಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಹೆಮ್ಮಿಗೆಯವಳು ಸದ್ದಾಗದಂತೆ ಮಗುಚಿ ಹಾಕಿದಳು. ಶಬ್ದ ಮತ್ತೆ ಶುರುವಾದ ಕೂಡಲೇ ಆತ ಹುಬ್ಬು ಗಂಟಿಕ್ಕಿ, ಕಣ್ಣು ತೆರೆಯದೆಯೇ, “ನಡುವೆ ಒಂದತ್ತೆಜ್ಜೆ ಬುಟ್ಟೋಯ್ತಲ್ಲ?” ಎಂದ.

ಹೆಮ್ಮಿಗೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಸಾವಿರಾರು ಮುಖ ತೆಗೆದವನು, ಒಂದು ಮುಖವನ್ನು ಅಷ್ಟು ಹೊತ್ತು ನೋಡಿದವನಲ್ಲ. ಆ ಮನುಷ್ಯನ ಮುಂದೆ ನಾನು ಎಷ್ಟು ಚಿಕ್ಕವನು ಎಂದು ಅನಿಸಿತು, ಆ ಅನಿಸಿಕೆ ಸುಖವಾಗಿತ್ತು.

ನಲವತ್ತನೇ ನಿಮಿಷದ ಸುಮಾರಿಗೆ ಕ್ಯಾಸೆಟ್ಟಿನಲ್ಲಿ ಹೆಜ್ಜೆಯ ಸದ್ದು ನಿಂತಿತು. ನೀರಿನ ಸದ್ದು ಮಾತ್ರ ಏರಿತು. ಅವತ್ತು ಎಲ್ಲರ ಹಿಂದಿದ್ದ ನಾನು ಅದನ್ನು ಗಮನಿಸಿರಲಿಲ್ಲ.

“ಇಲ್ಲಿ ನಾ ನಿಂತೆ” ಎಂದ ನೀರುಗಂಟಿ.

ಕ್ಯಾಮೆರಾ ಹ್ಯಾಂಡಲ್ ಹಿಡಿದಿದ್ದ ಮಗಳು, “ಯಾಕಪ್ಪ?” ಎಂದಳು. ನಡುವೆ ಮಾತಾಡಬಾರದು ಎಂದು ನಾನು ಕಲಿಸಿದ್ದೆ. ಅವಳಿಗೆ ನೆನಪಿರಲಿಲ್ಲ, ನನಗೂ ಇರಲಿಲ್ಲ.

“ನಿನ್ ಇಂದೆ ಕಲ್ ಬಿದ್ದಿತ್ತು. ನೀ ಆ ಡಬ್ಬದೊಳ್ಗೇ ಕಣ್ ನೆಟ್ಟಿದ್ದೆ. ಕೂಗುದ್ರೆ ಬೆಚ್ಚಿ ಬಿದ್ಬುಡ್ತೀಯ ಅಂತ ಕೂಗ್ಲಿಲ್ಲ. ನಾ ನಿಂತ್ರೆ ನೀನೂ ನಿಲ್ತೀಯ, ಕಾಲ್ ತಡಕ್ತೀಯ ಅಂತ ನಿಂತೆ.” ಹಿಮ್ಮಡಿ ಮುಟ್ಟಿಕೊಂಡು, “ನೀರ್ ಬಂದು ಇಮ್ಮಡಿ ಮುಟ್ತು. ನನ್ ಜಲ್ಮದಲ್ಲಿ ಮುಟ್ಟಿರ್ಲಿಲ್ಲ” ಎಂದ.

ಮಗಳು ಅಳುತ್ತಿದ್ದಳು, ಆದರೆ ಹ್ಯಾಂಡಲ್ ಮೇಲಿನ ಕೈ ಅಲುಗಲಿಲ್ಲ. ಕೊನೆಯ ಗದ್ದೆ ಮುಟ್ಟುವವರೆಗೂ ಚಿತ್ರ ತೆಗೆದಳು.

ಟಿ. ನರಸೀಪುರದ ಕೋಣೆಯಲ್ಲಿ ಎಂಟು ದಿನ ಸಂಕಲನ. ಕ್ಯಾಸೆಟ್ಟಿನ ಮೂಲ ಶಬ್ದವನ್ನು ಅವನ ಮುಖದ ಜೊತೆ ಕೂಡಿಸಿದರೆ ನಾಲ್ಕು ನಿಮಿಷಕ್ಕೆಲ್ಲ ಒಂದಕ್ಕೊಂದು ತಪ್ಪುತ್ತಿತ್ತು, ರೆಕಾರ್ಡರಿನ ಓಟ ಅಷ್ಟು ನೆಟ್ಟಗಿರಲಿಲ್ಲ. ಹೆಮ್ಮಿಗೆಯವಳು ಅವನು ಮಾತಾಡುವ ಒಂದೊಂದು ಕಡೆಯಲ್ಲೂ ಶಬ್ದವನ್ನು ತುಂಡರಿಸಿ ಎಳೆದು ಕೂಡಿಸಿದಳು. ಐವತ್ತು ನಿಮಿಷವನ್ನು ಹದಿನಾಲ್ಕಕ್ಕೆ ಇಳಿಸಿದರು. ಕೊನೆಯ ದಿನ ಮಗಳು, ಹೆಜ್ಜೆ ನಿಂತ ಭಾಗವನ್ನು ತೆಗೆದುಬಿಡಿ ಎಂದಳು.

ನಾನು ಕೊಟ್ಟ ಮಾತು ಮರೆತು ಕೂಗಾಡಿದೆ. ಇಡೀ ಚಿತ್ರದ ಜೀವ ಅಲ್ಲಿದೆ, ನಿನಗೇನು ತಲೆ ಕೆಟ್ಟಿದೆಯಾ ಎಂದೆ.

“ಊರಲ್ಲಿ ತೋರ್ಸಬೇಕಲ್ಲ ಸಾ. ಕೊನೆ ಗದ್ದೆಯೋರು ಮೊದ್ಲೇ ಅಪ್ಪ ಮೇಲಿನೋರ್ಗೆ ನೀರ್ ಬುಡ್ತಾನೆ ಅಂತ ಆಡ್ತಾರೆ. ಮೂವತ್ ವರ್ಷ ನಡ್ದವ್ರೆ. ಕೊನೆ ಸಲ ಮಗಳಿಗೋಸ್ಕರ ನೀರ್ ನಿಲ್ಸುದ್ರು ಅಂತ ನನ್ ಸಿನಿಮಾನೇ ಏಳದ್ ಬ್ಯಾಡ.”

ತುಂಡನ್ನು ತೆಗೆದು ಬೇರೆ ಇಟ್ಟೆವು.

ಭಾನುವಾರ ಬೆಳಿಗ್ಗೆ ಊರಿನ ಶಾಲೆಯ ಕೋಣೆಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೇಜಿನ ಮೇಲೆ ಟಿ.ವಿ. ಇಟ್ಟೆವು. ಮಕ್ಕಳು ನೆಲದ ಮೇಲೆ, ಹೆಂಗಸರು ಗೋಡೆಗೆ, ರೈತರು ಬೆಂಚಿನ ಮೇಲೆ. ನೀರುಗಂಟಿ ಒಳಗೆ ಬರದೆ ಬಾಗಿಲ ಬಳಿ ನಿಂತ. ಅವರವರ ಗದ್ದೆಯ ಬದಿಗೆ ನೀರು ಬಂದಾಗ ಅವರವರು ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಿದ್ದರು. ಮುಗಿದ ಮೇಲೆ, ಅವತ್ತು ಪೂಜೆ ತೆಗೆಸಿದ್ದ ಕೊನೆಯ ಗದ್ದೆಯ ಯಜಮಾನರು ಎದ್ದು ಎಲ್ಲರ ಕಡೆ ತಿರುಗಿದರು.

“ನೋಡುದ್ರೇನ್ರಲಾ? ಒಂದ್ ಗಳ್ಗೆ ನಿಲ್ಲಲಿಲ್ಲ. ನಾವೇ ಸುಮ್ಸುಮ್ನೆ ಬಾಯ್ಗ್ ಬಂದಂಗೆ ಅಂದ್ಬುಟ್ಟಿದ್ದೀವಿ.”

ಮಗಳ ಮುಖ ಅರಳಿತು. ಅವಳು ಬಯಸಿದ್ದು ಅಷ್ಟೇ ಆಗಿತ್ತು, ಅದು ಸಿಕ್ಕಿತ್ತು.

“ನಿಂತಿದ್ದೆ ಯಜಮಾನ್ರೆ” ಎಂದ ನೀರುಗಂಟಿ ಬಾಗಿಲಿನಿಂದ.

ಎಲ್ಲರೂ ತಿರುಗಿದರು.

“ಒಂದ್ ಕಡೆ ನಿಂತಿದ್ದೆ. ಮಗ ಇಂದಿಂದಕ್ಕೆ ನಡೀತಿತ್ತು, ಕಾಲ್ ತಾವು ಕಲ್ಲಿತ್ತು. ನೀರ್ ನಿಲ್ಸ್‌ಬುಟ್ಟೆ. ಏಳಿದ್ದೆ, ಇದ್ರಲ್ಲಿ ಅದು ಬಂದಿಲ್ಲ.”

ಯಜಮಾನರು ಗಡ್ಡ ಕೆರೆದುಕೊಂಡು, “ಎಷ್ಟೊತ್ತು ನಿಂತಿದ್ದೆ?” ಎಂದರು.

“ಒಂದತ್ತುಸಿರು.”

ಯಜಮಾನರು ತಾವು ಕೂತಿದ್ದ ಬೆಂಚಿನಲ್ಲಿ ಅವನಿಗೆ ಜಾಗವಾಗುವಂತೆ ಪಕ್ಕಕ್ಕೆ ಸರಿದು ಕೂತು, “ನನ್ ಮಗಳಾಗಿದ್ರೆ ನಾನ್ ತೂಬೇ ಮುಚ್ಚುಸ್ತಿದ್ದೆ ಕಣ್ಲಾ” ಎಂದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನೀರುಗಂಟಿ ಮಾತ್ರ ನಗದೆ ಮಗಳನ್ನೇ ನೋಡುತ್ತಿದ್ದ.

“ಅದ್ಯಾಕ್ ಮಗ ತೆಗ್ದಾಕ್ದೆ?”

ಅವಳು ನನ್ನ ಕಡೆ ತಿರುಗಿದಳು.

“ಆ ತುಂಡು ಕಂಪ್ಯೂಟರಲ್ಲಿ ಇನ್ನೂ ಅದಾ ಸಾ?”

“ಇದೆಯಮ್ಮ” ಎಂದೆ.

“ನಾಳೆ ಓಗಿ ಸೇರ್ಸ್‌ಬುಡಣ.”